ಬಿಸಿಯೇರಿದ ಎಂಜಿನ್ ಮುನಿದಾಗ

2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರನ್ನು ಇಂದಿಗೂ ಅಕ್ಕರೆಯಿಂದ ಇಟ್ಟುಕೊಂಡಿರುವ ಮನೆಗಳುಂಟು. ಮುಂಜಾನೆಯ ತಂಪಿನಲ್ಲಿ ಒಡನೆ ಹೊರಡುವ ಆ ಬಂಡಿ, ಬಿಸಿಲಿನಲ್ಲಿ ಘಟ್ಟವೇರಿ ಕಾಫಿಗೆಂದು ಕಾಲು ಗಂಟೆ ನಿಂತರೆ ಒಮ್ಮೊಮ್ಮೆ ಮತ್ತೆ ಹೊರಡಲೊಲ್ಲದು. ಇದೇಕೆ?

ಎಂಜಿನ್ ನಡೆಯುವಾಗ ಫ್ಯಾನಿನ ಗಾಳಿಯೂ ಹರಿದುಬರುವ ಪೆಟ್ರೋಲೂ ಕಾರ್ಬುರೇಟರನ್ನು ತಂಪಾಗಿಡುತ್ತವೆ. ನಿಲ್ಲಿಸಿದೊಡನೆ ಎರಡೂ ನಿಂತು, ಎಂಜಿನ್ನಿನ ಕಾವು ಅದಕ್ಕೇರುತ್ತದೆ. ಪೆಟ್ರೋಲಿನ ಹಗುರವಾದ ಅಂಶಗಳಾದರೋ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ಕುದಿಯತೊಡಗುತ್ತವೆ.

ಮೊದಲು ಮೂಗನ್ನು ನಂಬಿರಿ. ಪೆಟ್ರೋಲಿನ ವಾಸನೆ ಬಲವಾಗಿದ್ದರೆ, ಅದು ಉಕ್ಕಿ ಒಳಗಿಳಿದಿದೆಯೆಂದೇ ತಿಳಿಯಬೇಕು. ಹತ್ತಿರ ಯಾರೂ ಬೆಂಕಿಕಡ್ಡಿ ಗೀರಬಾರದು. ವಾಸನೆ ಆರಿದ ಮೇಲೆ, ಚೋಕ್ ಎಳೆಯದೆ, ಆಕ್ಸಿಲರೇಟರನ್ನು ಪದೇ ಪದೇ ತುಳಿಯದೆ, ಪೂರ್ತಿ ಒತ್ತಿಹಿಡಿದು ಸ್ಟಾರ್ಟ್ ಮಾಡಿರಿ. ಗಾಳಿ ನುಗ್ಗಿ ಹೆಚ್ಚಿನ ಪೆಟ್ರೋಲನ್ನು ಹೊರದೂಡುತ್ತದೆ. ವಾಸನೆಯೇ ಇಲ್ಲದಿದ್ದರೆ, ಕೊಳವೆಯಲ್ಲಿ ಆವಿ ಕಟ್ಟಿ ಪೆಟ್ರೋಲನ್ನು ತಡೆದಿರಬಹುದು. ಬಾನೆಟ್ ತೆರೆದು ಅರ್ಧ ಗಂಟೆ ಕಾಯಿರಿ. ಕೊಳವೆಗೆ ಒದ್ದೆಬಟ್ಟೆ ಸುತ್ತಿದರೆ ಬೇಗ ತಣಿಯುತ್ತದೆ. ಪೆಟ್ರೋಲು ಸರಿಯಾಗಿ ಬರುತ್ತಿದ್ದೂ ಕಿಡಿಯಿಲ್ಲವಾದರೆ, ಕಾವಿಗೆ ಸೋತ ಇಗ್ನಿಷನ್ ಕಾಯಿಲ್ ಇಲ್ಲವೆ ಕಂಡೆನ್ಸರನ್ನು ಮೆಕ್ಯಾನಿಕರಿಗೆ ತೋರಿಸಬೇಕು.

ತಾಳ್ಮೆಗೆಟ್ಟು ಸ್ಟಾರ್ಟರನ್ನೇ ಎಳೆದೆಳೆದು ಬ್ಯಾಟರಿಯೂ ಬರಿದಾಯಿತೆನ್ನಿ, ಮಕ್ಕಳುಮರಿಯೊಡನೆ ಘಟ್ಟದಲ್ಲಿಯೇ ಕತ್ತಲಾದೀತು!