ಹಲಗೆಯ ಮೇಲೆ ನಿಂತು ಕಡಲಿನಲ್ಲಿ ಕಲಿತ ಪಾಠ



ನಮ್ಮ ಊರಿನಿಂದ ಕಡಲು ಕಾಣುವುದಿಲ್ಲ. ನಮಗೆ ಕಾಣುವುದು ಕಾಫಿ ತೋಟ, ಗದ್ದೆ, ಆಚೆ ಬೆಟ್ಟ, ಕೆಳಗೆ ಕಾವೇರಿ. ಹಾಗಿರುವಾಗ ಕಡಲಿನ ಮೇಲೆ ನಿಂತುಕೊಂಡು ಹುಟ್ಟು ಹಾಕುವ ವಿಷಯ ಇವಳಿಗೇಕೆ ಎಂದು ನೀವು ಕೇಳಬಹುದು. ಕೊನೆಯವರೆಗೆ ಓದಿ. ಇದು ಕಡಲಿನ ವಿಷಯವಾದರೂ ನಮ್ಮ ಹೊಳೆಗೂ ಸೇರಿದ್ದು.

ಕಳೆದ ಬೇಸಿಗೆ ರಜೆಯಲ್ಲಿ ಸೋದರಮಾವನ ಮನೆಗೆ ಹೋಗಿದ್ದೆ. ಅವರಿಗೆ ಮೂಲ್ಕಿಯಲ್ಲಿ ಕೆಲಸ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು ದಾಟಿ ಮಂಗಳೂರು. ಅಲ್ಲಿಂದ ಉಡುಪಿ ಕಡೆಗೆ ಸುಮಾರು 30 ಕಿಲೋಮೀಟರ್ ಹೋದರೆ ಮೂಲ್ಕಿ. ಮಾವ ಒಂದು ಸಂಜೆ, "ನಾಳೆ ಬೆಳಿಗ್ಗೆ ಬೇಗ ಏಳು, ಪ್ಯಾಡಲ್ ಬೋರ್ಡ್ ಕಲಿಸುವವರ ಹತ್ರ ಹೇಳಿದ್ದೇನೆ" ಅಂದ್ರು. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಖುಷಿಯಿಂದ ಅಲ್ಲ, ಹೆದರಿಕೆಯಿಂದ.

ಚಿಕ್ಕವಳಿರುವಾಗ ಬಟ್ಟೆ ಒಗೆಯುವ ಕಲ್ಲಿನ ಮೇಲಿಂದ ಜಾರಿ ನಾನು ಹೊಳೆಗೆ ಬಿದ್ದಿದ್ದೆ. ಅಪ್ಪ ಜಡೆ ಹಿಡಿದು ಎಳೆದರು. ಆಮೇಲೆ 2018ರ ಆಗಸ್ಟ್ ಬಂತು, 2019ರ ಆಗಸ್ಟ್ ಬಂತು. ಕೊಡಗಿನಲ್ಲಿ ಗುಡ್ಡ ಜರಿದದ್ದು, ಹೊಳೆ ಉಕ್ಕಿದ್ದು, ಜನ ಮನೆ ಬಿಟ್ಟು ಹೊರಟದ್ದು ಯಾರಿಗೂ ಮರೆತಿಲ್ಲ. ಅವತ್ತಿನಿಂದ ಮೊಣಕಾಲು ಮುಳುಗುವ ನೀರಿಗೆ ನಾನು ಇಳಿದವಳೇ ಅಲ್ಲ.

ಏನಿದು ಪ್ಯಾಡಲ್ ಬೋರ್ಡ್?

ಸುಮಾರು ಹತ್ತು ಹನ್ನೊಂದು ಅಡಿ ಉದ್ದ, ಎರಡೂವರೆ ಅಡಿಗಿಂತ ಸ್ವಲ್ಪ ಹೆಚ್ಚು ಅಗಲ, ನಾಲ್ಕೈದು ಇಂಚು ದಪ್ಪದ ಒಂದು ಹಲಗೆ. ಹೆಸರಿಗೆ ಹಲಗೆ, ಆದರೆ ಮರದ್ದಲ್ಲ. ಒಳಗೆ ಥರ್ಮೋಕೋಲಿನಂಥ ಹಗುರ ವಸ್ತು, ಮೇಲೆ ಗಾಜಿನ ನಾರಿನ ಗಟ್ಟಿ ಹೊದಿಕೆ. ಗಾಳಿ ತುಂಬುವ ಜಾತಿಯದೂ ಇದೆ. ಅದರ ಮೇಲೆ ನಿಂತು, ಉದ್ದ ಕೋಲಿನ ಒಂದೇ ಹುಟ್ಟಿನಿಂದ ನೀರನ್ನು ಎಳೆಯುತ್ತಾ ಹೋಗುವುದೇ ಆಟ. ಹಲಗೆಯ ಹಿಂಭಾಗದಲ್ಲಿ ಕೆಳಗಡೆ ಮೀನಿನ ರೆಕ್ಕೆಯಂಥದ್ದು ಇರುತ್ತದೆ. ಅದು ಇಲ್ಲದಿದ್ದರೆ ಹಲಗೆ ನೆಟ್ಟಗೆ ಹೋಗದೆ ಅತ್ತಿತ್ತ ತಿರುಗುತ್ತದೆ. (ಪಕ್ಕದ ಚಿತ್ರ ನೋಡಿ. ರೆಕ್ಕೆಯನ್ನು ಕೆಂಪು ಬಣ್ಣದಲ್ಲಿ ತೋರಿಸಿದ್ದೇನೆ.)

ಶಾಂತಸಾಗರದ ಹವಾಯಿ ದ್ವೀಪಗಳಲ್ಲಿ 1950–60ರ ದಶಕಗಳಲ್ಲಿ ಅಲೆಯ ಮೇಲೆ ಹಲಗೆ ಓಡಿಸುವುದನ್ನು ಕಲಿಸುತ್ತಿದ್ದವರು ಹೀಗೆ ನಿಂತು ಹುಟ್ಟು ಹಾಕುತ್ತಿದ್ದರು. 2000ನೇ ಇಸವಿಯ ನಂತರ ಇದು ಲೋಕಕ್ಕೆಲ್ಲ ಹರಡಿತು. ನಮ್ಮ ರಾಜ್ಯದಲ್ಲಿ ಇದಕ್ಕೆ ಹೆಸರಾದ ಊರು ಮೂಲ್ಕಿ. 'ಸರ್ಫಿಂಗ್ ಸ್ವಾಮಿ' ಎಂದು ಹೆಸರಾದ ಅಮೆರಿಕದ ಜಾಕ್ ಹೆಬ್ನರ್ ಮತ್ತು ಅವರ ಶಿಷ್ಯರು 2004ರಲ್ಲಿ ಅಲ್ಲಿ ಮಂತ್ರ ಸರ್ಫ್ ಕ್ಲಬ್ ಶುರು ಮಾಡಿದರು. ಮೂಲ್ಕಿಯ ಹುಡುಗಿ ತನ್ವಿ ಜಗದೀಶ್ ಇದೇ ನೀರಿನಲ್ಲಿ ಕಲಿತು, 2016ರಲ್ಲಿ ಫಿಜಿ ದೇಶದಲ್ಲಿ ನಡೆದ ವಿಶ್ವ ಸ್ಪರ್ಧೆಯಲ್ಲಿ ಭಾರತದ ಪರವಾಗಿ ಭಾಗವಹಿಸಿದರು. 2024ರ ಮಾರ್ಚಿಯಲ್ಲಿ ಪಕ್ಕದ ಸಸಿಹಿತ್ಲು ಕಡಲತೀರದಲ್ಲಿ ಬೇರೆ ಬೇರೆ ದೇಶದವರು ಬಂದು ಸ್ಪರ್ಧಿಸಿದ 'ಇಂಡಿಯಾ ಪ್ಯಾಡಲ್ ಫೆಸ್ಟಿವಲ್' ನಡೆಯಿತು.

ಮೂಲ್ಕಿಯಲ್ಲಿ ಶಾಂಭವಿ ನದಿ ಇದೆ. ಅದೂ ನಂದಿನಿ ನದಿಯೂ ಸಸಿಹಿತ್ಲಿನ ಹತ್ತಿರ ಸೇರಿ ಕಡಲಿಗೆ ಇಳಿಯುತ್ತವೆ. ಆ ಜಾಗಕ್ಕೆ ಅಲ್ಲಿಯವರು ಅಳಿವೆ ಅನ್ನುತ್ತಾರೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಮರಳಿನ ಪಟ್ಟಿ. ಹೊಸಬರಿಗೆ ಮೊದಲು ಹೊಳೆಯ ಕಡೆಯ ನಿಂತ ನೀರಿನಲ್ಲಿ ಪಾಠ, ಕೈ ಕಾಲು ಹಿಡಿತಕ್ಕೆ ಬಂದ ಮೇಲೆ ಕಡಲು.

ನಾನು ಹೇಳಿದ ಸುಳ್ಳು

ಕಲಿಸುವ ಅಣ್ಣ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಿದ ಮೊದಲ ಪ್ರಶ್ನೆ, "ಈಜು ಬರ್ತದಾ?"

ಅಲ್ಲಿದ್ದವರೆಲ್ಲ ಹೂಂ ಅಂದರು. ನನಗೆ ನಾಚಿಕೆಯಾಯಿತು. ನಾನೂ ಹೂಂ ಅಂದೆ.

ಅಣ್ಣ ಆಗ ಏನೂ ಹೇಳಲಿಲ್ಲ. ಲೈಫ್ ಜಾಕೆಟ್ ಹಾಕಿಸಿ, ಎಲ್ಲರನ್ನೂ ಸೊಂಟದ ನೀರಿಗೆ ಇಳಿಸಿ, "ಈಗ ಅಂಗಾತ ಮಲಗಿ" ಅಂದರು. ನಾನು ನೀರಿನಲ್ಲಿ ಬೆನ್ನು ಇಟ್ಟ ಕೂಡಲೇ ಕೈ ಕಾಲು ಬಡಿದು ಅವರ ತೋಳು ಹಿಡಿದುಕೊಂಡೆ. ಗುಟ್ಟು ರಟ್ಟಾಯಿತು. ಅವರು ಬೈಯಲಿಲ್ಲ. "ಬರೋದಿಲ್ಲ ಅಂತ ಹೇಳಿದ್ರೆ ನಾಚಿಕೆ ಇಲ್ಲ ತಂಗಿ. ಟೀಚರ್ ಹತ್ರ ಸುಳ್ಳು ಹೇಳಿದ್ರೆ ಒಂದು ಏಟು ಬೀಳ್ಬಹುದು. ನೀರಿನ ಹತ್ರ ಸುಳ್ಳು ನಡೆಯೋದಿಲ್ಲ" ಅಂದ್ರು. ಅವತ್ತು ಅರ್ಧ ಗಂಟೆ ನನಗೆ ಹಲಗೆ ಕೊಡಲೇ ಇಲ್ಲ. ಕಿವಿ ನೀರಿನೊಳಗೆ, ಗಲ್ಲ ಮೇಲೆ, ಎದೆ ತುಂಬ ಉಸಿರು, ಕೈ ಅಗಲ ಮಾಡಿ ಸುಮ್ಮನೆ ತೇಲುವುದು, ಇಷ್ಟೇ ಪಾಠ. ಕೊನೆಗೆ ದೇಹ ತಾನಾಗಿ ತೇಲಿತು. ನನ್ನ ಮೇಲೆ ಬರೀ ಆಕಾಶ ಇತ್ತು.

ಹಲಗೆ ಯಾಕೆ ಮುಳುಗುವುದಿಲ್ಲ?

ವಿಜ್ಞಾನ ಪಾಠದ ಆರ್ಕಿಮಿಡೀಸ್ ಇಲ್ಲಿ ಕೆಲಸಕ್ಕೆ ಬಂದ. ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೋ ಅಷ್ಟು ನೀರಿನ ತೂಕದ ಬಲ ಅದನ್ನು ಮೇಲಕ್ಕೆ ನೂಕುತ್ತದೆ. ನಾನು ನಿಂತ ಹಲಗೆಯ ಗಾತ್ರ 200 ಲೀಟರ್ ಎಂದು ಅದರ ಮೇಲೇ ಬರೆದಿತ್ತು. ಒಂದು ಲೀಟರ್ ಕಡಲ ನೀರಿನ ತೂಕ ಉಪ್ಪಿನಿಂದಾಗಿ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು, ಸುಮಾರು 1.025 ಕಿಲೋ. ಅಂದರೆ ಹಲಗೆ ಪೂರ್ತಿ ಮುಳುಗಬೇಕಾದರೆ 205 ಕಿಲೋ ಭಾರ ಬೇಕು. ನಾನು 40 ಕಿಲೋ, ಹಲಗೆ 12 ಕಿಲೋ, ಒಟ್ಟು 52. ಆದ್ದರಿಂದ ಹಲಗೆಯ ಕಾಲು ಭಾಗ ಮಾತ್ರ ನೀರಿನೊಳಗೆ, ಮುಕ್ಕಾಲು ಭಾಗ ಮೇಲೆ. ಈ ಲೆಕ್ಕ ಮರಳಿನ ಮೇಲೆ ಕಡ್ಡಿಯಿಂದ ಬರೆದು ನೋಡಿದ ಮೇಲೆ ಹಲಗೆಯ ಮೇಲೆ ನಂಬಿಕೆ ಬಂತು. ಮುಳುಗುವುದಿಲ್ಲ ಸರಿ, ಆದರೆ ಮಗುಚುತ್ತದಲ್ಲ? ಅದಕ್ಕೆ ಬೇರೆ ಪಾಠ.

ನಿಲ್ಲುವುದು ಹೇಗೆ?

ಮೊದಲು ಹುಟ್ಟಿನ ಅಳತೆ. ನೆಟ್ಟಗೆ ನಿಂತು ಕೈ ಮೇಲೆ ಎತ್ತಿದರೆ ಹುಟ್ಟಿನ ಹಿಡಿ ಮಣಿಕಟ್ಟಿಗೆ ಬರಬೇಕು. ಹುಟ್ಟಿನ ಎಲೆ ಸ್ವಲ್ಪ ಬಾಗಿರುತ್ತದೆ. ಆ ಬಾಗು ಮುಂದಕ್ಕೆ ಇರಬೇಕು. ಹೊಸಬರೆಲ್ಲ ಅದನ್ನು ತಿರುಗಾ ಮುರುಗಾ ಹಿಡಿಯುತ್ತಾರೆ, ನಾನೂ ಹಿಡಿದೆ. ಬಲಗಡೆ ಹುಟ್ಟು ಹಾಕುವಾಗ ಎಡಗೈ ಮೇಲಿನ ಹಿಡಿಯಲ್ಲಿ, ಬಲಗೈ ಕೋಲಿನ ನಡುವೆ. ಎಡಗಡೆಗೆ ಬದಲಿಸಿದರೆ ಕೈಯೂ ಬದಲು.

ಮೊಣಕಾಲಿನಷ್ಟು ನೀರಿಗೆ ಹಲಗೆ ತಂದು ಅದರ ನಡುವೆ ಮಂಡಿಯೂರಿ ಕೂರಬೇಕು. ಅದಕ್ಕಿಂತ ಕಡಿಮೆ ನೀರಿದ್ದರೆ ಅಡಿಯ ರೆಕ್ಕೆ ಮರಳಿಗೆ ತಾಗುತ್ತದೆ. ಮಂಡಿಯಲ್ಲೇ ಸ್ವಲ್ಪ ದೂರ ಹೋಗಿ, ಹುಟ್ಟನ್ನು ಹಲಗೆಯ ಮೇಲೆ ಅಡ್ಡ ಇಟ್ಟು, ಒಂದೊಂದೇ ಪಾದವನ್ನು ಮಂಡಿ ಇದ್ದ ಜಾಗಕ್ಕೆ ತಂದು ನಿಧಾನ ಏಳಬೇಕು. ಪಾದಗಳು ಭುಜದಷ್ಟು ಅಗಲ, ಎರಡೂ ಮುಂದಕ್ಕೆ ನೆಟ್ಟಗೆ. ಮಂಡಿ ಸ್ವಲ್ಪ ಮಡಚಿರಬೇಕು. ಮಂಡಿ ಬಿಗಿ ಮಾಡಿದವರು ಬಾಳೆಗಿಡದ ಹಾಗೆ ಬೀಳುತ್ತಾರೆ.

ನಾನು ಎದ್ದು ನಿಂತೆ. ಕಾಲು ಗಡಗಡ ನಡುಗಿತು. ಕಾಲನ್ನೇ ನೋಡಿದೆ, ಧೊಪ್ಪನೆ ಬಿದ್ದೆ. "ಕಾಲು ನೋಡ್ಬೇಡ, ದೂರ ನೋಡು" ಅಂದರು ಅಣ್ಣ. ಆಗ ನೆನಪಾಯಿತು, ನಮ್ಮ ತೋಡಿನ ಮೇಲೆ ಅಡಿಕೆ ಮರದ ಸಂಕ ದಾಟುವಾಗ ಅಜ್ಜಿ ಹೇಳುವುದೂ ಇದೇ ಮಾತು. ಕೆಳಗೆ ನೋಡಿದರೆ ತಲೆ ತಿರುಗುತ್ತದೆ, ಆಚೆ ದಡ ನೋಡಿದರೆ ದಾಟಬಹುದು. ಎದುರಿನ ತೆಂಗಿನ ಮರ ನೋಡಿಕೊಂಡು ಹುಟ್ಟು ಹಾಕಿದೆ. ಸೈಕಲಿನ ಹಾಗೇ, ನಿಂತರೆ ಓಲಾಡುತ್ತದೆ, ಸಾಗಿದರೆ ನೆಟ್ಟಗಾಗುತ್ತದೆ. ಹುಟ್ಟಿನ ಎಲೆ ಪೂರ್ತಿ ಮುಳುಗುವಂತೆ ಪಾದದ ಮುಂದೆ ಇಳಿಸಿ, ಹಿಮ್ಮಡಿಯವರೆಗೆ ಎಳೆದು ಎತ್ತಬೇಕು. ಬಲಗಡೆ ನಾಲ್ಕು ಸಲ, ಎಡಗಡೆ ನಾಲ್ಕು ಸಲ. ಒಂದೇ ಕಡೆ ಹಾಕಿದರೆ ಹಲಗೆ ಇನ್ನೊಂದು ಕಡೆಗೆ ತಿರುಗುತ್ತದೆ.

ಬೀಳುವುದಕ್ಕೂ ಪಾಠ ಉಂಟು

ನಡೆಯಲು ಕಲಿಯುವಾಗ ಬೀಳುವುದನ್ನು ಯಾರೂ ಕಲಿಸುವುದಿಲ್ಲ. ಇಲ್ಲಿ ಕಲಿಸುತ್ತಾರೆ. ಹಲಗೆಯ ಮೇಲೆ ಬೀಳಬಾರದು, ಪಕ್ಕದ ನೀರಿಗೆ ಬೀಳಬೇಕು. ತಲೆ ಮುಂದಾಗಿ ಎಂದೂ ಧುಮುಕಬಾರದು, ಕೆಳಗೆ ಎಷ್ಟು ಆಳ ಎಂದು ಗೊತ್ತಿರುವುದಿಲ್ಲ. ಹಲಗೆಗೂ ನಮ್ಮ ಕಾಲಿಗೂ ಒಂದು ಹಗ್ಗ ಕಟ್ಟಿರುತ್ತದೆ. ಬಿದ್ದ ಮೇಲೆ ಹಗ್ಗ ಎಳೆದರೆ ಹಲಗೆ ಹತ್ತಿರ ಬರುತ್ತದೆ. ಅದರ ನಡುವಿನ ಹಿಡಿ ಹಿಡಿದು, ಕಾಲು ಹಿಂದಕ್ಕೆ ಬಡಿಯುತ್ತಾ, ಹೊಟ್ಟೆಯ ಮೇಲೆ ಜಾರಿ ಹತ್ತಬೇಕು.

ಒಂದು ಸಲ ನಾನು ಬಿದ್ದಾಗ ನೀರು ಮೂಗಿಗೆ ಹೋಯಿತು. ಕಣ್ಣು ಕತ್ತಲಾಯಿತು. ಬಟ್ಟೆ ಒಗೆಯುವ ಕಲ್ಲಿನ ದಿನವೇ ಮತ್ತೆ ಬಂದ ಹಾಗಾಯಿತು. ಆದರೆ ಈ ಸಲ ಏನು ಮಾಡಬೇಕು ಅಂತ ಗೊತ್ತಿತ್ತು. ಒಂದು, ಎರಡು, ಮೂರು ಎಣಿಸಿದೆ. ಜಾಕೆಟ್ ನನ್ನನ್ನು ಮೇಲೆ ತಂದಿತು. ಹಗ್ಗ ಎಳೆದೆ. ಹಲಗೆ ಸಿಕ್ಕಿತು. ಅಳು ಬಂದಿತ್ತು, ಆದರೆ ಹತ್ತಿದೆ. ಹೆದರಿಕೆ ಹೋಗಿರಲಿಲ್ಲ, ಹೆದರಿಕೆ ಇರುವಾಗಲೂ ಮಾಡುವ ಕೆಲಸ ತಿಳಿದಿತ್ತು. ವ್ಯತ್ಯಾಸ ಅಷ್ಟೇ.

ಕಡಲು ಮತ್ತು ಗಾಳಿ

ನಾಲ್ಕನೇ ದಿನ ಬೆಳಿಗ್ಗೆ ಆರೂವರೆಗೆ ಕಡಲಿಗೆ ಕರೆದುಕೊಂಡು ಹೋದರು. ನನ್ನ ಹಲಗೆಯನ್ನು ಅಣ್ಣ ತಮ್ಮ ಹಲಗೆಗೆ ಹಗ್ಗದಿಂದ ಕಟ್ಟಿಕೊಂಡಿದ್ದರು. ಆ ದಿನ ಕಡಲು ಅಕ್ಕಿ ತೊಳೆದ ನೀರು ತುಂಬಿದ ಪರಾತದ ಹಾಗೆ ಅಲ್ಲಾಡದೆ ಇತ್ತು. ಇಷ್ಟು ಬೆಳಿಗ್ಗೆ ಯಾಕೆ? ಭೂಗೋಳದಲ್ಲಿ ಓದಿದ್ದೇವಲ್ಲ, ಹಗಲಲ್ಲಿ ನೆಲ ಬೇಗ ಕಾಯುತ್ತದೆ, ಮಧ್ಯಾಹ್ನಕ್ಕೆ ಕಡಲಿನಿಂದ ದಡಕ್ಕೆ ಗಾಳಿ ಬೀಸಿ ನೀರು ಕೆದರುತ್ತದೆ. ರಾತ್ರಿ ನೆಲ ಬೇಗ ಆರುತ್ತದೆ, ಗಾಳಿ ದಡದಿಂದ ಕಡಲಿಗೆ ಹೋಗುತ್ತದೆ. ಎರಡರ ನಡುವೆ ಬೆಳಗಿನ ಹೊತ್ತು ನೀರು ಶಾಂತ.

ಆದರೆ ಶಾಂತ ನೀರನ್ನೂ ಪೂರ್ತಿ ನಂಬಬಾರದು. ದಡದಿಂದ ಕಡಲಿಗೆ ಬೀಸುವ ಗಾಳಿಯಲ್ಲಿ ನೀರು ಕನ್ನಡಿಯ ಹಾಗೆ ಕಾಣುತ್ತದೆ, ಹೋಗುವುದು ಬಲು ಸುಲಭ, ತಿರುಗಿ ಬರುವುದು ಕಷ್ಟ. ನಿಂತ ಮೈ ಗಾಳಿಗೆ ಹಾಯಿಯ ಹಾಗೆ. ಅಂಥಾಗ ಮಂಡಿಯೂರಿ ಅಥವಾ ಬೋರಲು ಮಲಗಿ ಕೈಯಿಂದ ನೀರು ಎಳೆಯುತ್ತಾ ಬರಬೇಕು. ಏನೇ ಆದರೂ ಹಲಗೆ ಬಿಟ್ಟು ಈಜಬಾರದು, ಹಲಗೆಯೇ ನಮ್ಮ ದೋಣಿ. ಅಳಿವೆಯ ಹತ್ತಿರ ಇಳಿತದ ಹೊತ್ತಿನಲ್ಲಿ ನೀರು ಕಡಲಿನ ಕಡೆಗೆ ಜೋರಾಗಿ ಎಳೆಯುತ್ತದೆ, ಆಗ ಅಲ್ಲಿ ಹೋಗುವಂತಿಲ್ಲ. ಮಳೆಗಾಲದಲ್ಲಂತೂ ಹೊಸಬರಿಗೆ ಕಡಲಿನ ಮಾತೇ ಇಲ್ಲ.

ನಮ್ಮ ಪುಷ್ಪಗಿರಿ ಕಡೆ ಹುಟ್ಟುವ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಮಂಗಳೂರಿನಲ್ಲಿ ಇದೇ ಕಡಲಿಗೆ ಬೀಳುತ್ತದೆ. ಹಲಗೆಯ ಮೇಲೆ ನಿಂತು ಪೂರ್ವದ ಕಡೆ ತಿರುಗಿದಾಗ ಅದು ನೆನಪಾಯಿತು. ಕಡಲು ಅಷ್ಟೇನೂ ಪರಕೀಯ ಅನಿಸಲಿಲ್ಲ.

ನಮ್ಮ ಹೊಳೆಯ ವಿಷಯ

ಇದನ್ನು ಓದಿ ಯಾರೂ ಬಾಳೆದಿಂಡು ಕಟ್ಟಿಕೊಂಡು ಕಾವೇರಿಗೆ ಇಳಿಯಬೇಡಿ! ಹರಿಯುವ ಹೊಳೆ ಬೇರೆ, ನಿಂತ ನೀರು ಬೇರೆ. ಹೊಳೆಯಲ್ಲಿ ಬಂಡೆ, ಸುಳಿ, ಮುಳುಗಿದ ಮರ ಇವೆ. ಕಾಲಿಗೆ ಕಟ್ಟಿದ ಹಗ್ಗವೇ ಕೊಂಬೆಗೆ ಸಿಕ್ಕಿ ಹಿಡಿದುಕೊಳ್ಳಬಹುದು. ಆದರೆ ಅಲ್ಲಿ ಕಲಿತ ಕೆಲವು ಮಾತು ಇಲ್ಲಿಗೂ ಸರಿ:

1. ಒಬ್ಬರೇ ನೀರಿಗೆ ಇಳಿಯಬಾರದು. ದಡದಲ್ಲಿ ದೊಡ್ಡವರು ಇರಬೇಕು.
2. ಆಳ ಗೊತ್ತಿಲ್ಲದ ಕಡೆ ಧುಮುಕಬಾರದು.
3. ಬಿದ್ದರೆ ಕೈ ಕಾಲು ಬಡಿಯದೆ ಅಂಗಾತ ತೇಲಿ, ಗಲ್ಲ ಮೇಲೆ ಮಾಡಿ ಉಸಿರಾಡಬೇಕು.
4. ಬೇರೆಯವರು ಮುಳುಗುತ್ತಿದ್ದರೆ ಹಾರಬೇಡಿ. ಕೂಗಿ ದೊಡ್ಡವರನ್ನು ಕರೆಯಿರಿ. ಬಿದಿರಿನ ಗಳ ಚಾಚಿ, ಹಗ್ಗ ಎಸೆಯಿರಿ. ಮುಚ್ಚಳ ಬಿಗಿದ 5 ಲೀಟರಿನ ಖಾಲಿ ಎಣ್ಣೆ ಕ್ಯಾನ್ ಕೂಡ ಸುಮಾರು 5 ಕಿಲೋ ಭಾರ ಎತ್ತಿ ಹಿಡಿಯುತ್ತದೆ. ತಲೆ ನೀರಿನ ಮೇಲಿರಲು ಅಷ್ಟು ಸಾಕಾಗಬಹುದು. (ಮತ್ತೆ ಆರ್ಕಿಮಿಡೀಸ್!)
5. ತುರ್ತಿಗೆ 112ಕ್ಕೆ ಫೋನ್ ಮಾಡಿ.

ಶಾಲೆ ಶುರುವಾದ ಮೇಲೆ ಒಂದು ದಿನ ಊಟದ ಬಿಡುವಿನಲ್ಲಿ ನಮ್ಮ ತರಗತಿಯಲ್ಲಿ ಕೇಳಿದೆ, "ಈಜು ಯಾರಿಗೆ ಬರ್ತದೆ?" ಪೂರ್ತಿ ಕೈ ಎತ್ತಿದವರನ್ನು ಒಂದೇ ಕೈ ಬೆರಳಿನಲ್ಲಿ ಎಣಿಸಬಹುದಿತ್ತು. ಇನ್ನು ಕೆಲವರು ಅಕ್ಕ ಪಕ್ಕ ನೋಡಿ ಅರ್ಧ ಕೈ ಎತ್ತಿದರು. ಆ ಅರ್ಧ ಕೈ ನನಗೆ ಚೆನ್ನಾಗಿ ಗೊತ್ತು. ಮೂಲ್ಕಿಯಲ್ಲಿ ನಾನು ಹೂಂ ಅಂದದ್ದೂ ಹಾಗೇ. ಅವರಿಗಾಗಿಯೇ ಇದನ್ನು ಬರೆದೆ.

ನೀರಿಗೆ ಇಳಿಯದೆ ಈಜು ಬಾರದು ಅಂತ ಹಿರಿಯರು ಹೇಳುತ್ತಾರೆ. ಕಲಿಸುವವರು ಇಲ್ಲದೆ ಇಳಿಯಬಾರದು ಅಂತ ನಾನು ಸೇರಿಸುತ್ತೇನೆ. ಗುರುಗಳಲ್ಲಿ ಒಂದು ವಿನಂತಿ: ಬೇಸಿಗೆಯಲ್ಲಿ ಹೊಳೆ ಇಳಿದಾಗ, ಈಜು ಬಲ್ಲ ಊರಿನ ಹಿರಿಯರನ್ನು ಕರೆಸಿ, ಸೊಂಟದ ನೀರಿನಲ್ಲಿ ನಮಗೆ ತೇಲುವುದನ್ನು ಮಾತ್ರ ಕಲಿಸಿಕೊಡಿ. ಕೇಳಿದರೆ ಅಪ್ಪ ಬರುತ್ತಾರಂತೆ. ಹಲಗೆ ಬೇಡ, ಹುಟ್ಟು ಬೇಡ. ಅಂಗಾತ ಮಲಗಿ ಆಕಾಶ ನೋಡಲು ಬಂದರೆ ಸಾಕು.

ಬರೆದವಳು: ಒಂಬತ್ತನೇ ತರಗತಿಯ ವಿದ್ಯಾರ್ಥಿನಿ
ಚಿತ್ರ: ಬರೆದವಳ ತಮ್ಮ, ಆರನೇ ತರಗತಿ