ಇಳಿದವರು ಹತ್ತಲೇಬೇಕು: ಮಯೋರ್ಕಾ ದ್ವೀಪದ ಸೈಕಲ್ ದಾರಿಗಳು



ಭಾನುವಾರ ಮನೆಯವರು ಏಳುವ ಮೊದಲೇ ಸೈಕಲ್ ಹಿಡಿದು ಊರ ಹೊರಗಿನ ಹೆದ್ದಾರಿಗೆ ಹೊರಡುವವರು ನಿಮ್ಮಲ್ಲಿ ಹಲವರಿದ್ದೀರಿ. ಓದಿಗೋ ಕೆಲಸಕ್ಕೋ ಯುರೋಪಿಗೆ ಹೋಗುವವರೂ ಇದ್ದೀರಿ. ಈ ಎರಡೂ ಗುಣ ಒಬ್ಬರಲ್ಲೇ ಕೂಡಿದ್ದರೆ, ಅಲ್ಲಿ ಯಾರಾದರೂ ನಿಮ್ಮ ಕಿವಿಗೆ ಮಯೋರ್ಕಾದ ಹೆಸರು ಹಾಕದೆ ಬಿಡುವುದಿಲ್ಲ. ಹೋಗುವ ಮುನ್ನ ಆ ದ್ವೀಪದ ದಾರಿಗಳನ್ನು ಸ್ವಲ್ಪ ತಿಳಿದುಕೊಳ್ಳಿ. ಯಾವ ದಾರಿಯನ್ನು ಮೊದಲು ತುಳಿಯಬೇಕು, ಯಾವುದನ್ನು ಕೊನೆಗೆ ಉಳಿಸಿಕೊಳ್ಳಬೇಕು ಎಂಬುದರ ಮೇಲೆ ನಿಮ್ಮ ಸಂತೋಷ ಮಾತ್ರವಲ್ಲ, ಕ್ಷೇಮವೂ ನಿಂತಿದೆ.

ದ್ವೀಪ ಹೇಗಿದೆ?

ಮಯೋರ್ಕಾ ಸ್ಪೇನಿಗೆ ಸೇರಿದ ಬಲೆಆರಿಕ್ ದ್ವೀಪಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ವಿಸ್ತೀರ್ಣ ಸುಮಾರು 3,640 ಚದರ ಕಿಲೋಮೀಟರ್, ರಾಜಧಾನಿ ಪಾಲ್ಮಾ. ವಾಯವ್ಯ ಅಂಚಿನಲ್ಲಿ ಸುಮಾರು 90 ಕಿ.ಮೀ. ಉದ್ದಕ್ಕೆ ಗೋಡೆಯಂತೆ ನಿಂತಿರುವುದು ತ್ರಮುಂತಾನಾ ಬೆಟ್ಟಸಾಲು. ಇದರ ಅತಿ ಎತ್ತರದ ಶಿಖರ ಪುಚ್ ಮಾಜೋರ್ 1,400 ಮೀಟರಿಗೂ ಮಿಕ್ಕಿದೆ. ನಡುವೆ ಬಾದಾಮಿ ತೋಟ, ಗಾಳಿಗಿರಣಿ, ಕಲ್ಲುಬೇಲಿಗಳ ಬಯಲು. ಒಂದೇ ವಾರದಲ್ಲಿ ಬಯಲು, ಬೆಟ್ಟ, ಕಡಲು ಮೂರನ್ನೂ ಸೈಕಲ್ ಮೇಲೆಯೇ ನೋಡಬಹುದು. ಉತ್ತರ ಯುರೋಪು ಹಿಮದಲ್ಲಿ ನಡುಗುವಾಗ ಇಲ್ಲಿ ಹವೆ ಹಿತವಾಗಿರುವುದರಿಂದ ವೃತ್ತಿಪರ ತಂಡಗಳು ಚಳಿಗಾಲದ ಅಭ್ಯಾಸಕ್ಕೆ ಇಲ್ಲಿಗೇ ಬರುತ್ತವೆ.

ದ್ವೀಪದ ಮಕ್ಕಳೂ ಸೈಕಲ್ಲಿನಲ್ಲಿ ಹೆಸರು ಮಾಡಿದವರೇ. ಫೆಲಾನಿಚ್ ಊರಿನ ಗಿಯೆರ್ಮೋ ತಿಮೋನೆರ್ 1955ರಿಂದ 1965ರ ನಡುವೆ, ಮೋಟಾರ್ ಸೈಕಲ್ಲಿನ ಬೆನ್ನಿಗೆ ಓಡಿಸುವ ಟ್ರ್ಯಾಕ್ ಸ್ಪರ್ಧೆಯಲ್ಲಿ ಆರು ಬಾರಿ ವಿಶ್ವ ಚಾಂಪಿಯನ್ ಆದರು. ಜೊವಾನ್ ಯಾನೆರಾಸ್ 2000ದ ಸಿಡ್ನಿ ಮತ್ತು 2008ರ ಬೀಜಿಂಗ್ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದರು. ಅರ್ತಾ ಊರಿನ ಎನ್ರಿಕ್ ಮಾಸ್ ಸ್ಪೇನಿನ ಮಹಾ ಪಂದ್ಯ ವುವೆಲ್ತಾದಲ್ಲಿ ಮೂರು ಬಾರಿ ಎರಡನೆಯ ಸ್ಥಾನ ಪಡೆದರು.

ಹೆಸರೇ ನಕ್ಷೆ

ಇಲ್ಲಿನ ರಸ್ತೆಫಲಕಗಳು ಕತಲಾನ್ ಭಾಷೆಯಲ್ಲಿರುತ್ತವೆ. ಫ್ರಾಂಕೋ ಆಳ್ವಿಕೆಯಲ್ಲಿ ಈ ಭಾಷೆಗೆ ಶಾಲೆಯಲ್ಲೂ ಕಚೇರಿಯಲ್ಲೂ ಜಾಗವಿರಲಿಲ್ಲ; ಮನೆಯ ಮಾತಾಗಿಯೇ ಅದು ಉಳಿದುಕೊಂಡಿತು. 1983ರಲ್ಲಿ ಸ್ಪ್ಯಾನಿಷ್ ಜೊತೆಗೆ ಅಧಿಕೃತ ಭಾಷೆಯಾಯಿತು. ಮನೆಯೊಳಗೆ ಒಂದು ಭಾಷೆ, ಹೊಸ್ತಿಲ ಹೊರಗೆ ಇನ್ನೊಂದು ಎಂದು ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕು ಪದ ಕಲಿತರೆ ಫಲಕವೇ ದಾರಿ ಹೇಳುತ್ತದೆ. ‘ಕೋಲ್’ ಎಂದರೆ ಕಣಿವೆದಾರಿಯ ನೆತ್ತಿ, ನಮ್ಮ ಘಾಟಿಯ ತುದಿ. ‘ಪುಚ್’ ಎಂದರೆ ಶಿಖರ. ‘ಪೋರ್ತ್’ ಬಂದರು, ‘ಫಾರ್’ ದೀಪಸ್ತಂಭ. ‘ಕೋಲ್’ ಎಂಬ ಫಲಕ ಕಂಡರೆ ಗೇರ್ ಇಳಿಸಲು ಸಿದ್ಧರಾಗಿ!

ಬಯಲಿನಿಂದ ಆರಂಭ

ಅಲ್ಕೂದಿಯಾ ಅಥವಾ ಪೋರ್ತ್ ದೆ ಪೊಯೆನ್ಸಾದಲ್ಲಿ ತಂಗಿದರೆ ಬೆಟ್ಟವೂ ಹತ್ತಿರ, ಬಯಲೂ ಹತ್ತಿರ. ಮೊದಲ ದಿನ ಬೆಟ್ಟದ ಕಡೆ ತಲೆ ಹಾಕಬೇಡಿ. ಸಿನೆವು, ಪೇತ್ರಾ ಊರುಗಳ ಕಡೆಗೆ ಹಳ್ಳಿದಾರಿಯಲ್ಲಿ ಹೋಗಿ ಬನ್ನಿ. ಸಿನೆವುವಿನಲ್ಲಿ ಬುಧವಾರ ಸಂತೆ. ಪೇತ್ರಾದ ಚೌಕದಲ್ಲಿ ಸೈಕಲ್ಲುಗಳದೇ ಸಂತೆ!

ಈ ದಿನ ಕಾಲಿಗಿಂತ ಹೆಚ್ಚಾಗಿ ತಲೆಗೆ ಅಭ್ಯಾಸ ಬೇಕು. ಅಲ್ಲಿ ವಾಹನ ಬಲಗಡೆ ಚಲಿಸುತ್ತದೆ. ವೃತ್ತವನ್ನು ಸುತ್ತುವುದೂ ನಮ್ಮಲ್ಲಿನದಕ್ಕೆ ಉಲ್ಟಾ. ಇನ್ನೊಂದು ಮಾತನ್ನು ಮರೆಯಬೇಡಿ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕು ಮುಂದಿನ ಚಕ್ರದ್ದು. ಅಲ್ಲಿನ ಬಾಡಿಗೆ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಎಡಗೈಯದು ಮುಂದಿನದು. ಗಾಬರಿಯಲ್ಲಿ ಅಭ್ಯಾಸಬಲದಿಂದ ತಪ್ಪು ಕೈ ಹಿಂಡಿದರೆ ಸವಾರ ಹ್ಯಾಂಡಲ್ ಮೇಲಿಂದ ಹಾರುತ್ತಾನೆ. ಅಂಗಡಿಯವನನ್ನು ಕೇಳಿ, ಬೇಕಾದರೆ ಬದಲಾಯಿಸಿಕೊಂಡೇ ಹೊರಡಿ.

ಘಾಟಿಗಳ ಪರಿಚಯ

ಎರಡನೆಯ ದಿನ ಫೊರ್ಮೆಂತೋರ್ ದೀಪಸ್ತಂಭ. ಪೋರ್ತ್ ದೆ ಪೊಯೆನ್ಸಾದಿಂದ ಹೋಗಿ ಬರಲು 40 ಕಿ.ಮೀ. ಆಸುಪಾಸು. ಅಂಕಿ ನೋಡಿ ಮೋಸಹೋಗಬೇಡಿ. ದಾರಿ ಸಮುದ್ರದ ಮೇಲೆ ಏರಿ ಇಳಿದು ಮತ್ತೆ ಏರುತ್ತದೆ. ದಾರಿಯಲ್ಲೊಂದು ಸುರಂಗವಿದೆ, ದೀಪವಿರಲಿ. ಬೇಸಿಗೆಯಲ್ಲಿ ಇಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧಗಳಿರುವುದರಿಂದ ಆಯಾ ವರ್ಷದ ನಿಯಮ ವಿಚಾರಿಸಿ ಹೊರಡಿ.

ಮೂರನೆಯ ದಿನ ಪೊಯೆನ್ಸಾ ಊರಿನಿಂದ ಕೋಲ್ ದೆ ಫೆಮೆನಿಯಾ. ಏಳೂವರೆ ಕಿ.ಮೀ. ಹದವಾದ ಏರು, ನೆತ್ತಿ 515 ಮೀಟರ್. ಅಲ್ಲಿಂದ ಯುಕ್ ಎಂಬ ಪುರಾತನ ಯಾತ್ರಾಸ್ಥಳ ನೋಡಿ, ಕೋಲ್ ದೆ ಸಾ ಬತಾಯಾ ಮೂಲಕ ಕೈಮಾರಿ ಹಳ್ಳಿಗೆ ಇಳಿಯಬಹುದು.

ಪಶ್ಚಿಮದ ಅಂಚಿನಲ್ಲಿ ಅಂದ್ರಾಚ್‌ನಿಂದ ಪೊಯೆನ್ಸಾವರೆಗೆ ಸುಮಾರು 110 ಕಿ.ಮೀ. ಉದ್ದದ ಬೆಟ್ಟದ ರಸ್ತೆಯಿದೆ. ಇದನ್ನು ಎರಡು ದಿನಕ್ಕೆ ಹಂಚಿಕೊಳ್ಳಿ. ಬನ್ಯಲ್ಬುಫಾರ್‌ನಲ್ಲಿ ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಗಾರೆಯಿಲ್ಲದೆ ಕಲ್ಲು ಪೇರಿಸಿ ಮಾಡಿದ ಹೊಲಗಳು ಕಡಲಿನವರೆಗೆ ಇಳಿಯುತ್ತವೆ. ಇಂಥ ದುಡಿಮೆಗಾಗಿಯೇ 2011ರಲ್ಲಿ ಯುನೆಸ್ಕೊ ಈ ಬೆಟ್ಟಸಾಲನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮುಂದೆ ಸಿಗುವ ವಾಲ್ದೆಮೋಸಾದಲ್ಲಿ ಸಂಗೀತಗಾರ ಶೋಪಾನ್ 1838-39ರ ಚಳಿಗಾಲ ಕಳೆದ. ಆಮೇಲೆ ಕಿತ್ತಳೆ ತೋಟಗಳ ಸೋಯೆರ್. ಸೋಯೆರ್‌ನಿಂದ ಪುಚ್ ಮಾಜೋರ್ ಸುರಂಗದವರೆಗಿನ ಏರು ಬಿಡುವಿಲ್ಲದೆ 14 ಕಿ.ಮೀ.! ದ್ವೀಪದ ಅತಿ ಉದ್ದದ ಪರೀಕ್ಷೆ ಇದೇ.

ಸಾ ಕಲೋಬ್ರಾ

ಎಲ್ಲ ಘಾಟಿಗಳೂ ಮೊದಲು ಹತ್ತಿಸಿ ಆಮೇಲೆ ಇಳಿಸುತ್ತವೆ. ಸಾ ಕಲೋಬ್ರಾ ಮಾತ್ರ ಮೊದಲು ಇಳಿಸುತ್ತದೆ. 682 ಮೀಟರ್ ಎತ್ತರದ ಕೋಲ್ ದೆಲ್ಸ್ ರೇಯ್ಸ್‌ನಿಂದ ಕಡಲತಡಿಯ ಪುಟ್ಟ ಬಂದರಿಗೆ ಒಂಬತ್ತೂವರೆ ಕಿ.ಮೀ. ಇಳಿಜಾರು, ಸುಮಾರು ಇಪ್ಪತ್ತಾರು ಹಿಮ್ಮುರಿ ತಿರುವುಗಳು. ಅಲ್ಲಿಗೆ ರಸ್ತೆ ಮುಗಿಯಿತು. ರಸ್ತೆಯ ಮೂಲಕ ಹಿಂತಿರುಗಬೇಕೆಂದರೆ ನೂರಕ್ಕೆ ಏಳರ ಸರಾಸರಿ ಏರಿನಲ್ಲಿ ಅದನ್ನೇ ಹತ್ತಬೇಕು.

ಈ ರಸ್ತೆಯನ್ನು ರೂಪಿಸಿದವರು ಇಂಜಿನಿಯರ್ ಅಂತೋನಿಯೊ ಪರಿಯೆತ್ತಿ, ಮುಗಿದದ್ದು 1932ರಲ್ಲಿ. ಸುರಂಗ ಕೊರೆಯದೆ, ಬೆಟ್ಟದ ಮೈಯನ್ನೇ ಅನುಸರಿಸಿ, ಕಡಿದ ಕಲ್ಲನ್ನೇ ತಗ್ಗಿಗೆ ತುಂಬಿ ಕೆಲಸಗಾರರು ಕೈಯಲ್ಲೇ ಕಟ್ಟಿದರು. ಒಂದು ಕಡೆ ರಸ್ತೆ ಸುತ್ತು ಹಾಕಿ ತನ್ನ ಅಡಿಯಿಂದಲೇ ತೂರಿಹೋಗುತ್ತದೆ. ಅದಕ್ಕೆ ‘ಟೈ ಗಂಟು’ ಎಂದೇ ಹೆಸರು.

ಪೋರ್ತ್ ದೆ ಪೊಯೆನ್ಸಾದಿಂದ ಹೋಗಿ ಬರಲು ನೂರು ಕಿ.ಮೀ. ಹತ್ತಿರವಾಗುತ್ತದೆ. ಆದ್ದರಿಂದ ಇದನ್ನು ವಾರದ ಕೊನೆಗೆ ಇಟ್ಟುಕೊಳ್ಳಿ. ಬೆಳಿಗ್ಗೆ ಬೇಗ ಹೊರಡಿ. ಹೊತ್ತೇರಿದ ಮೇಲೆ ಪ್ರವಾಸಿ ಬಸ್ಸುಗಳು ಇದೇ ಕಿರುದಾರಿಗೆ ಬರುತ್ತವೆ. ಇಳಿಯುವಾಗ ತಿರುವಿನ ಒಳಗಲ್ಲ, ತಿರುವಿಗೆ ಮುಂಚೆಯೇ ಬ್ರೇಕ್ ಹಾಕಿ ವೇಗ ಇಳಿಸಿ. ಕೋಲ್ ದೆಲ್ಸ್ ರೇಯ್ಸ್ ಮೇಲೆ ನಿಂತು ನಿಮ್ಮನ್ನೇ ಕೇಳಿಕೊಳ್ಳಿ: ಕಾಲಿನಲ್ಲಿ ಕಸುವಿದೆಯೇ? ಬಾಟಲಿಯಲ್ಲಿ ನೀರಿದೆಯೇ? ಮೋಡ ಕವಿದಿದೆಯೇ? ಸಂಶಯವಿದ್ದರೆ ಸೈಕಲ್ ತಿರುಗಿಸಿ. ಜೊತೆಯವರು ಇಳಿದರೆಂಬ ಕಾರಣಕ್ಕೆ ನೀವೂ ಇಳಿಯಬೇಕಾಗಿಲ್ಲ. ತಿರುಗಿ ಬಂದವನು ನಾಳೆ ಮತ್ತೆ ಹೋಗಬಹುದು.

ಗಮನದಲ್ಲಿರಲಿ

ಫೆಬ್ರವರಿಯಿಂದ ಮೇವರೆಗೆ ಒಳ್ಳೆಯ ಕಾಲ, ಬೇಸಿಗೆ ಸುಡುತ್ತದೆ. ಬೆಟ್ಟದ ಮೇಲೆ ಗಾಳಿ ಕೊರೆಯುವುದರಿಂದ ತೆಳು ಜಾಕೆಟ್ ಜೇಬಿನಲ್ಲಿರಲಿ. ಹೆಲ್ಮೆಟ್ ಧರಿಸಿಯೇ ಹೊರಡಿ; ಊರ ಹೊರಗೆ ಅದು ಕಾನೂನು. ಸೈಕಲ್ಲನ್ನು ದಾಟುವ ವಾಹನ ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡಬೇಕೆಂದೂ ಅಲ್ಲಿ ಕಾನೂನಿದೆ. ಸಸ್ಯಾಹಾರಿಗಳಿಗೊಂದು ಸೂಚನೆ: ದ್ವೀಪದ ಹೆಸರಾಂತ ಸುರುಳಿ ಬನ್ನು ‘ಎನ್ಸೈಮಾದಾ’ದಲ್ಲಿ ಹಂದಿಯ ಕೊಬ್ಬಿರುತ್ತದೆ. ಬ್ರೆಡ್ಡಿಗೆ ಟೊಮ್ಯಾಟೊ, ಆಲಿವ್ ಎಣ್ಣೆ ಸವರಿದ ‘ಪಾಂಬೋಲಿ’ಯನ್ನು ಮಾಂಸ ಬೇಡವೆಂದು ಹೇಳಿ ತರಿಸಿಕೊಳ್ಳಿ.

ಇನ್ನೊಂದು ಮಾತು. 2024ರಲ್ಲಿ ಮಿತಿಮೀರಿದ ಪ್ರವಾಸೋದ್ಯಮದ ವಿರುದ್ಧ ಪಾಲ್ಮಾದ ಬೀದಿಗಳಲ್ಲಿ ಸಾವಿರಾರು ಜನ ಮೆರವಣಿಗೆ ಹೋದರು. ಬಾಡಿಗೆ ಏರಿ, ಹುಟ್ಟಿದ ಊರಿನಲ್ಲೇ ಮನೆ ಸಿಗದಂತಾಗಿದೆ ಎಂಬುದು ಅವರ ದೂರು. ನೀವು ಕ್ರೀಡೆಗೆ ಬಳಸುವ ರಸ್ತೆ ಅವರಿಗೆ ಹೊಲಕ್ಕೆ, ಶಾಲೆಗೆ, ಆಸ್ಪತ್ರೆಗೆ ಹೋಗುವ ದಾರಿ. ಹಿಂದೆ ವಾಹನ ಬಂದರೆ ಸಾಲಾಗಿ ಸರಿದು ಜಾಗ ಕೊಡಿ. ಹಳ್ಳಿಯ ಅಂಗಡಿಯಲ್ಲೇ ತಿನ್ನಿ. ‘ಬೋನ್ ದಿಯಾ’ ಎಂದು ಅವರ ಮಾತಿನಲ್ಲಿ ನಮಸ್ಕಾರ ಹೇಳಿ. ಮುಖ ಅರಳುವುದನ್ನು ನೋಡುವಿರಿ.

ಸಿದ್ಧತೆ ಇಲ್ಲಿಂದಲೇ ಆಗಲಿ. ಪುಣೆಯವರಿಗೆ ಸಿಂಹಗಡದ ರಸ್ತೆಯಿದೆ, ಚೆನ್ನೈಯವರಿಗೆ 14 ತಿರುವುಗಳ ಯೇಲಗಿರಿಯಿದೆ. ರಜೆಗೆ ಊರಿಗೆ ಹೋದಾಗ ಆಗುಂಬೆಯೂ ಇದೆ. ಆರು ತಿಂಗಳು ಕ್ರಮವಾಗಿ ಏರು ತುಳಿದ ಮೇಲೆ ಟಿಕೆಟ್ ತೆಗೆಸಿ. ಹೋಗಿ ಬಂದವರು ನಿಮ್ಮ ಅನುಭವವನ್ನು ಈ ಪುಟಕ್ಕೆ ಬರೆದು ಕಳಿಸಿ, ಕನ್ನಡದಲ್ಲೇ. ಕಾಗುಣಿತ ತಪ್ಪಿದರೆ ತಿದ್ದಿಕೊಳ್ಳಲು ನಾವಿದ್ದೇವೆ!