ಬಲಿತ ನುಗ್ಗೆಯ ಬೀಜ, ಬಗ್ಗಡ ನೀರು

ಹುಳಿಗೆ ಬಾರದಷ್ಟು ಬಲಿತು, ಮರದಲ್ಲೇ ಒಣಗಿ ಕಂದಾದ ನುಗ್ಗೆಕಾಯಿಯನ್ನು ನಾವು ಏನು ಮಾಡುತ್ತೇವೆ? ತಿಪ್ಪೆಗೆ ಎಸೆಯುತ್ತೇವೆ. ಆ ಕಾಯಿಯನ್ನು ಒಮ್ಮೆ ಸೀಳಿ ನೋಡಿ. ರೆಕ್ಕೆ ಹಚ್ಚಿಕೊಂಡ ಕರಿ ಬೀಜ, ಅದರ ಸಿಪ್ಪೆಯೊಳಗೆ ಬಿಳಿ ತಿರುಳು. ಕೆಂಪು ಬಗ್ಗಡ ನೀರನ್ನು ಒಂದೆರಡು ಗಂಟೆಯಲ್ಲಿ ತಿಳಿ ಮಾಡುವ ಶಕ್ತಿ ಇರುವುದು ಆ ತಿರುಳಿನಲ್ಲಿ!

ಟೇಕಲ್ ಕಡೆಯವರಿಗೆ ಬಗ್ಗಡ ನೀರಿನ ಪರಿಚಯ ಮಾಡಿಕೊಡಬೇಕಿಲ್ಲ. ಮಾಲೂರಿಂದ ಬಂಗಾರಪೇಟೆಗೆ ರೈಲು ಹತ್ತಿದರೆ ನಡುವೆ ಸಿಗುವ ಊರು. ಸುತ್ತ ಗುಂಡುಕಲ್ಲಿನ ಬೆಟ್ಟಗಳು, ಹತ್ತಿರದಲ್ಲೇ ವಿಗ್ರಹ ಕೆತ್ತುವ ಶಿವಾರಪಟ್ಟಣ. ವರ್ಷವಿಡೀ ಹರಿಯುವ ನದಿ ಇಡೀ ಕೋಲಾರ ಜಿಲ್ಲೆಗೇ ಇಲ್ಲ. ಹಿಂದಿನವರು ನಂಬಿದ್ದು ಕೆರೆ ಕುಂಟೆಗಳನ್ನೇ. ಜೋರು ಮಳೆಗೆ ಕೆಮ್ಮಣ್ಣು ಕೊಚ್ಚಿ ಬಂದು ಕುಂಟೆ ತುಂಬಿದಾಗ ಬಿಂದಿಗೆಯೊಳಗೆ ಕೈ ಇಳಿಸಿದರೆ ಬೆರಳು ಕಾಣುವುದಿಲ್ಲ. ಆ ನೀರನ್ನು ರಾತ್ರಿಯೆಲ್ಲ ಇಟ್ಟರೂ ಬೆಳಿಗ್ಗೆ ಮಬ್ಬು ಮಬ್ಬೇ. ಮಣ್ಣು ನೀರಿಗಿಂತ ಭಾರ ಅಲ್ಲವೇ, ತಳಕ್ಕೆ ಇಳಿಯುವುದಿಲ್ಲ ಯಾಕೆ?

ಜೇಡಿಯ ಅತಿಸಣ್ಣ ಕಣಗಳ ಮೈಮೇಲೆಲ್ಲ ಋಣ ವಿದ್ಯುದಂಶ ಇರುತ್ತದೆ. ಹಾಗಾಗಿ ಒಂದು ಕಣ ಇನ್ನೊಂದನ್ನು ಹತ್ತಿರ ಸೇರಿಸದು. ಒಂದನ್ನೊಂದು ತಳ್ಳಿಕೊಂಡು ದಿನಗಟ್ಟಲೆ ತೇಲುತ್ತಲೇ ಇರುತ್ತವೆ. ನುಗ್ಗೆಬೀಜದ ಪ್ರೋಟೀನಿಗೆ ಇರುವುದು ಧನ ವಿದ್ಯುದಂಶ! ಅದು ಬಂದು ಅಂಟಿಕೊಂಡದ್ದೇ ತಡ, ಜಗಳಾಡುತ್ತಿದ್ದ ಕಣಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ತೂಕ ಹೆಚ್ಚಿ ಇಳಿಯುತ್ತವೆ. 1995ರಲ್ಲಿ ಜರ್ಮನಿಯ ವಿಜ್ಞಾನಿಗಳು ಇಂಥ ಒಂದು ಪ್ರೋಟೀನನ್ನು ಬೇರ್ಪಡಿಸಿ ಎಣಿಸಿದರೆ ಅದರಲ್ಲಿದ್ದದ್ದು ಬರೀ 60 ಅಮೈನೋ ಆಮ್ಲ. ಅಷ್ಟು ಪುಟ್ಟದಕ್ಕೆ ಇಷ್ಟು ಕೆಲಸ!

ಗಾಜಿನ ಲೋಟದಲ್ಲಿ ಇದನ್ನು ಕಣ್ಣಾರೆ ನೋಡಬೇಕು. ತಿರುಳನ್ನು ನುಣ್ಣಗೆ ಕುಟ್ಟಿ, ಸ್ವಲ್ಪ ಒಳ್ಳೆಯ ನೀರಿನಲ್ಲಿ ಐದು ನಿಮಿಷ ಕದಡಿ, ಬಟ್ಟೆಯಲ್ಲಿ ಸೋಸಿದರೆ ಹಾಲುಬಣ್ಣದ ರಸ ಬರುತ್ತದೆ. ತೀರಾ ಕೆಂಪಾದ ನೀರಿಗೆ ಲೀಟರಿಗೆ ಒಂದು ಬೀಜದ ಲೆಕ್ಕ, ಮಬ್ಬು ಕಡಿಮೆಯಿದ್ದರೆ ಬೀಜವೂ ಕಡಿಮೆ. ಒಂದು ನಿಮಿಷ ರಭಸವಾಗಿ ತಿರುಗಿಸಿ, ಆಮೇಲೆ ಹತ್ತು ನಿಮಿಷ ಮೆಲ್ಲಗೆ. ಮೊದಲು ಏನೂ ಆಗದು. ನೋಡನೋಡುತ್ತಲೇ ನೀರಿನೊಳಗೆ ಚುಕ್ಕೆಗಳು ಮೂಡುತ್ತವೆ, ಚುಕ್ಕೆಗಳು ಸೇರಿ ಹಿಂಜಿದ ಹತ್ತಿಯಂಥ ತುಣುಕುಗಳಾಗುತ್ತವೆ, ತುಣುಕುಗಳ ನಡುವೆ ತಿಳಿ ನೀರಿನ ಸಂದುಗಳು ಕಾಣಿಸತೊಡಗುತ್ತವೆ. ನೀರು ಎಷ್ಟು ರಾಡಿಯೋ ಈ ಬೀಜದ ಕೆಲಸ ಅಷ್ಟು ಚುರುಕು. ಸ್ವಲ್ಪವೇ ಮಬ್ಬಾದ ನೀರಿನಲ್ಲಿ ಅದಕ್ಕೆ ಅಷ್ಟು ಕೈಹಿಡಿತ ಸಿಗುವುದಿಲ್ಲ.

ಪಟ್ಟಣದ ನೀರು ಶುದ್ಧೀಕರಣ ಘಟಕಗಳು ಇದೇ ಕೆಲಸಕ್ಕೆ ಪಟಿಕವನ್ನು, ಅಂದರೆ ಆಲಂ ಅನ್ನು ಸುರಿಯುತ್ತವೆ. ಅದು ನೀರಿನ ಕ್ಷಾರವನ್ನು ತಿಂದು ಹುಳಿಯ ಕಡೆಗೆ ಎಳೆಯುತ್ತದೆ, ಅಲ್ಯೂಮಿನಿಯಂ ತುಂಬಿದ ಕೆಸರು ಉಳಿಸುತ್ತದೆ. ನುಗ್ಗೆ ನೀರಿನ ಹುಳಿ-ಕ್ಷಾರವನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ತಳದಲ್ಲಿ ಉಳಿಯುವುದು ಮಣ್ಣು ಮತ್ತು ಕೊಳೆತು ಮಣ್ಣಾಗುವ ಬೀಜದ ಅಂಶ.

ನನ್ನನ್ನು ಬೆರಗುಗೊಳಿಸಿದ್ದು ಈ ಜ್ಞಾನ ಜಗತ್ತಿಗೆ ತಿಳಿದ ದಾರಿ. ನುಗ್ಗೆ ಹಿಮಾಲಯದ ತಪ್ಪಲಿನ ಮರ, ನಮ್ಮದೇ. ಆದರೆ 1970ರ ದಶಕದಲ್ಲಿ ಸಾಮಿಯಾ ಅಲ್ ಅಜ಼ಾರಿಯಾ ಯಾನ್ ಎಂಬ ವಿಜ್ಞಾನಿ ಅದರ ಬೀಜದ ಮಹಿಮೆ ಕಂಡದ್ದು ಸೂಡಾನಿನಲ್ಲಿ, ನೈಲ್ ನದಿಯ ಕೆಸರು ನೀರನ್ನು ಅದರಿಂದಲೇ ತಿಳಿಗೊಳಿಸುತ್ತಿದ್ದ ಹಳ್ಳಿ ಹೆಂಗಸರ ಮಡಕೆಗಳಲ್ಲಿ!

ಹಾಗೆಂದು ನಮ್ಮ ನಾಡಿಗೆ ಈ ವಿದ್ಯೆ ಗೊತ್ತಿರಲಿಲ್ಲವೆಂದಲ್ಲ. ನಮ್ಮಲ್ಲಿ ಆ ಕೆಲಸ ಚಿಲ್ಲದ ಬೀಜದ್ದು. ಮಡಕೆಯ ಒಳಮೈಗೋ ಒರಟು ಕಲ್ಲಿಗೋ ತೇಯ್ದು ನೀರಿಗೆ ಬಿಡುವ ಗುಂಡು ಬೀಜ. ಸುಶ್ರುತ ಸಂಹಿತೆ ನೀರು ತಿಳಿಗೊಳಿಸುವ ವಸ್ತುಗಳಲ್ಲಿ ಇದನ್ನು ಕತಕವೆಂದು ಹೆಸರಿಸುತ್ತದೆ. ಶಂಕರರ ಹೆಸರಿನಲ್ಲಿರುವ ಆತ್ಮಬೋಧದಲ್ಲಂತೂ ಕತಕದ ಪುಡಿ ಕೊಳೆ ಇಳಿಸಿ ತಾನೂ ತಳ ಸೇರುವುದು ಜ್ಞಾನಕ್ಕೆ ಉಪಮೆಯಾಗಿದೆ. ಎಂಥ ಗಮನವಿಟ್ಟು ಬಿಂದಿಗೆ ನೋಡಿರಬೇಕು ಆ ಕಾಲದವರು! ಚಿಲ್ಲ, ವಿಷದ ಕಾಸರಕ ಮರದ ಕುಲಕ್ಕೇ ಸೇರಿದ್ದು. ಅದರ ದಾರಿಯೂ ನುಗ್ಗೆಯದಲ್ಲ: ಸಕ್ಕರೆ ಅಣುಗಳ ಉದ್ದುದ್ದ ಸರಪಣಿಗಳು ಕಣದಿಂದ ಕಣಕ್ಕೆ ಸೇತುವೆ ಹಾಕುತ್ತವೆ.

ಇಲ್ಲಿ ಒಂದು ಮಾತು ಖಂಡಿತವಾಗಿ ಹೇಳಲೇಬೇಕು. ಕೆಸರಿನ ಜೊತೆಗೆ ಬಹುಪಾಲು ಬ್ಯಾಕ್ಟೀರಿಯಾ ಇಳಿದುಹೋದರೂ ಎಲ್ಲವೂ ಹೋಗುವುದಿಲ್ಲ; ತಿಳಿ ನೀರನ್ನು ಕುದಿಸಿಯೇ ಕುಡಿಯಬೇಕು. ಕೋಲಾರದ ಕೊಳವೆಬಾವಿಗಳ ಫ್ಲೋರೈಡ್‌ಗೆ ಇದು ನೆಚ್ಚಬಹುದಾದ ಮದ್ದಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೆರೆಗಳಿಗೆ ಬರುತ್ತಿರುವ ಬೆಂಗಳೂರಿನ ಸಂಸ್ಕರಿತ ನೀರನ್ನು ಕುಡಿಯಲು ಯೋಗ್ಯ ಮಾಡುವ ಶಕ್ತಿಯೂ ಇದಕ್ಕಿಲ್ಲ. ಮೇಲಾಗಿ ಬೀಜದ ಅಂಶ ನೀರಿನಲ್ಲಿ ಉಳಿಯುವುದರಿಂದ ಒಂದು ದಿನ ಕಳೆದರೆ ನೀರು ಕೆಡುತ್ತದೆ.

ಈ ಕೊನೆಯ ತೊಡಕಿಗೆ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು 2012ರಲ್ಲಿ ಕಂಡುಕೊಂಡ ಉತ್ತರ ನೋಡಿ: ನುಗ್ಗೆಯ ರಸದಲ್ಲಿ ಮರಳನ್ನು ಅದ್ದಿ ತೊಳೆದುಬಿಡುವುದು! ಮರಳಿನ ಮೈಯೂ ಋಣವೇ ಆದ್ದರಿಂದ ಬೇಕಾದ ಪ್ರೋಟೀನು ಅದಕ್ಕೆ ಅಂಟಿ ಉಳಿಯುತ್ತದೆ, ನೀರು ಕೆಡಿಸುವ ಮಿಕ್ಕದ್ದು ತೊಳೆದುಹೋಗುತ್ತದೆ. ಮರಳು ಮುಖ್ಯವಾಗಿ ಸಿಲಿಕಾ. ಟೇಕಲ್ಲಿನ ಕಲ್ಲಿನಲ್ಲೂ ಬೇಕಾದಷ್ಟು ಸಿಲಿಕಾ ಇದೆ. ಉಳಿಯ ಏಟಿಗೆ ಉದುರುವ ಆ ಕಲ್ಲುಪುಡಿಗೂ ನುಗ್ಗೆ ಹೀಗೇ ಅಂಟೀತೇ? ಕೋಲಾರದ ಯಾವುದಾದರೂ ಕಾಲೇಜಿನ ಪ್ರಯೋಗಶಾಲೆಯಲ್ಲಿ ಈ ಮಳೆಗಾಲದಲ್ಲೇ ಪರೀಕ್ಷಿಸಬಹುದಾದ ಪ್ರಶ್ನೆ ಇದು.